ಎಫ್‌ಸಿಆರ್‌ಎ ಹೋದರೆ ಸಂಸ್ಥೆ ಮುಚ್ಚುತ್ತದಾ? ಬಳ್ಳಾರಿ ಸೀಮೆಯ ಕಥೋಲಿಕ ಸೇವಾಕಾರ್ಯದ ಹಿಂದುಮುಂದು

ಚರ್ಚಿಗೆ ಸೇರಿದ ಸೇವಾ ಸಂಸ್ಥೆಗಳ ವಿದೇಶಿ ಹಣಕ್ಕೆ ತಡೆ ಬಿತ್ತು ಎಂಬ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಬರುತ್ತಲೇ ಇದೆ. 2021ರ ಕ್ರಿಸ್‌ಮಸ್ ದಿನ ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿ ವಿದೇಶಿ ದೇಣಿಗೆ ಪಡೆಯುವ ನೋಂದಣಿಗೆ (ಎಫ್‌ಸಿಆರ್‌ಎ) ಹಾಕಿದ್ದ ನವೀಕರಣ ಅರ್ಜಿಯನ್ನು ಕೇಂದ್ರ ಗೃಹ ಸಚಿವಾಲಯ ತಿರಸ್ಕರಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಮಂಜೂರು ಮಾಡಿತು. 2024ರಲ್ಲಿ ವರ್ಲ್ಡ್ ವಿಷನ್ ಇಂಡಿಯಾದ ನೋಂದಣಿ ರದ್ದಾಯಿತು. ಅದೇ ವರ್ಷ ಚರ್ಚ್‌ಗಳ ಜತೆ ನಂಟಿರುವ ಇನ್ನೂ ಕೆಲವು ರಾಷ್ಟ್ರಮಟ್ಟದ ಸಂಸ್ಥೆಗಳ ನೋಂದಣಿಯೂ ಹೋಯಿತು.

ಇಂಥ ಸುದ್ದಿ ಓದಿದಾಗ ಬಳ್ಳಾರಿ, ರಾಯಚೂರು, ಕೊಪ್ಪಳದ ಜನರಿಗೆ ಮೊದಲು ಬರುವ ಅನುಮಾನ ತೀರಾ ಹತ್ತಿರದ್ದು. ಫಾದರ್ ನಡೆಸುವ ಶಾಲೆ ಮುಚ್ಚುತ್ತದಾ? ಸಿಸ್ಟರ್‌ಗಳ ಆಸ್ಪತ್ರೆ ಗತಿ ಏನು? ಮಹಿಳಾ ಸಂಘದಲ್ಲಿ ಕೂಡಿಟ್ಟ ದುಡ್ಡು ಸಿಗುತ್ತದೋ ಇಲ್ಲವೋ? ಏನೂ ತಪ್ಪು ಮಾಡದೆ ಸುಮ್ನೆ ನೋಂದಣಿ ರದ್ದಾಗುತ್ತಾ? ಮೊದಲ ಮೂರು ಪ್ರಶ್ನೆಗೆ ಬೇಗ ಉತ್ತರ ಹೇಳಬಹುದು. ಕೊನೆಯದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಒಂದು ಸಂಸ್ಥೆ, ಹಲವು ಕಾಗದ

ಒಂದು ಸೇವಾ ಸಂಸ್ಥೆಗೆ ಜೀವ ಕೊಡುವ ಕಾಗದ ಬೇರೆ, ವಿದೇಶಿ ಹಣ ಪಡೆಯಲು ಬಿಡುವ ಕಾಗದ ಬೇರೆ. ನಮ್ಮ ಭಾಗದ ಇಂಥ ಬಹುತೇಕ ಸಂಸ್ಥೆಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ ಸೊಸೈಟಿಯಾಗಿಯೋ, ಇಲ್ಲವೇ ಬೇರೆಯಾಗಿ ಟ್ರಸ್ಟ್ ಆಗಿಯೋ ನೋಂದಣಿಯಾಗಿರುತ್ತವೆ. ತೆರಿಗೆ ವಿನಾಯಿತಿಗೆ ಆದಾಯ ತೆರಿಗೆ ಇಲಾಖೆಯ ಪ್ರತ್ಯೇಕ ನೋಂದಣಿ ಇರುತ್ತದೆ. ವಿದೇಶದಿಂದ ದೇಣಿಗೆ ಪಡೆಯಬೇಕಾದರೆ ಮಾತ್ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದನ್ನು ಕೊಡುವುದು ಕೇಂದ್ರ ಗೃಹ ಸಚಿವಾಲಯ. ಅದರ ಆಯಸ್ಸು ಐದು ವರ್ಷ. ಆಮೇಲೆ ನವೀಕರಣ ಮಾಡಿಸಲೇಬೇಕು.

ಹಾಗಾಗಿ ಎಫ್‌ಸಿಆರ್‌ಎ ಹೋದರೆ ಸಂಸ್ಥೆಯ ಬಾಗಿಲು ಮುಚ್ಚುವುದಿಲ್ಲ. ಶಾಲೆಯ ಮಾನ್ಯತೆ ಹೋಗುವುದಿಲ್ಲ. ಸಂಘದ ಉಳಿತಾಯ ಸಂಘದ ಹೆಸರಲ್ಲೇ ಬ್ಯಾಂಕಿನಲ್ಲಿರುತ್ತದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ಹೊರಗಿನವರ ಕಣ್ಣಿಗೆ 'ಚರ್ಚಿನವರು' ಎಂದರೆ ಎಲ್ಲ ಒಂದೇ. ಆದರೆ ಒಂದೇ ಊರಲ್ಲಿ ದೇವಾಲಯ, ಶಾಲೆ ನಡೆಸುವ ಮಂಡಳಿ, ಸಿಸ್ಟರ್‌ಗಳ ಆಸ್ಪತ್ರೆ, ಹಳ್ಳಿ ಕೆಲಸದ ಸೊಸೈಟಿ ಬೇರೆ ಬೇರೆಯಾಗಿ ನೋಂದಣಿಯಾಗಿರುವುದು ಸಾಮಾನ್ಯ. ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದಕ್ಕೆ ಬೀಳಬೇಕೆಂದೇನಿಲ್ಲ.

ಸುದ್ದಿಯಲ್ಲಿ ಬರುವ ಪದಗಳಲ್ಲೂ ವ್ಯತ್ಯಾಸವಿದೆ. 'ಅಮಾನತು' ಎಂದರೆ ತನಿಖೆ ಮುಗಿಯುವ ತನಕ ತಾತ್ಕಾಲಿಕ ತಡೆ. ಇದು 180 ದಿನ ಇರಬಹುದು, 2020ರ ತಿದ್ದುಪಡಿ ನಂತರ ಇನ್ನೂ 180 ದಿನ ಮುಂದುವರಿಸಬಹುದು. 'ನವೀಕರಣ ಆಗಿಲ್ಲ' ಎಂದರೆ ಅರ್ಜಿ ಹಾಕಿಲ್ಲ, ಇಲ್ಲವೇ ಹಾಕಿದ್ದನ್ನು ಒಪ್ಪಿಲ್ಲ. 2022ರ ಹೊಸ ವರ್ಷದ ದಿನ ದೇಶದಲ್ಲಿ ಸುಮಾರು 6,000 ಸಂಸ್ಥೆಗಳು ಒಂದೇ ಸಲಕ್ಕೆ ಪಟ್ಟಿಯಿಂದ ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಅರ್ಜಿಯನ್ನೇ ಹಾಕಿರಲಿಲ್ಲ. 'ರದ್ದು' ಎಂಬುದು ಎಲ್ಲಕ್ಕಿಂತ ಗಂಭೀರ. ರದ್ದಾದರೆ ಬಳಕೆಯಾಗದ ವಿದೇಶಿ ಹಣವೂ ಆ ಹಣದಲ್ಲಿ ಮಾಡಿದ ಆಸ್ತಿಯೂ ಕಾಯ್ದೆ ಹೇಳಿದ ಪ್ರಾಧಿಕಾರದ ವಶಕ್ಕೆ ಹೋಗುತ್ತವೆ. ಈ ಮೂರನ್ನೂ ಒಂದೇ ತಲೆಬರಹದಡಿ ತುರುಕಿದರೆ ಓದುಗರಿಗೆ ಗೊಂದಲ ಆಗದೆ ಇನ್ನೇನಾದೀತು?

ಬರದ ನಾಡಿಗೆ ಬಂದ ಸೇವೆ

ಈ ಸೀಮೆಗೆ ಕಥೋಲಿಕರು ಹೊಸಬರಲ್ಲ. ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ ಆದಿಲ್‌ಶಾಹಿಗಳ ಕಾಲದಿಂದ, ಅಂದರೆ 16ನೇ ಶತಮಾನದಿಂದಲೂ ಕ್ರೈಸ್ತ ಸಮುದಾಯವಿದೆ. ಬಳ್ಳಾರಿ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿ ದಂಡಿನ ಊರಾಯಿತು. ದಂಡಿನ ಜತೆ ಪಾದ್ರಿಗಳೂ ಬಂದರು. 1876ರಿಂದ 78ರ ಧಾತು–ಈಶ್ವರ ಬರ ಈ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿತು. ಗಂಜಿ ಕೇಂದ್ರ, ಅನಾಥ ಮಕ್ಕಳ ಪಾಲನೆ ದಕ್ಷಿಣ ಭಾರತದ ಮಿಷನ್‌ಗಳ ಮುಖ್ಯ ಕೆಲಸವಾಗಿದ್ದು ಇಂಥ ಬರಗಳಲ್ಲೇ.

1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ಆಡಳಿತದ ಪ್ರದೇಶ, ಹುಟ್ಟಿತು. ಮೊದಲ ಬಿಷಪ್ ಜಾನ್ ಫಾರೆಸ್ಟ್ ಹೋಗನ್, ಫ್ರಾನ್ಸಿಸ್ಕನ್ ಎಂಬ ಸಂನ್ಯಾಸಿ ಸಭೆಯವರು. ಆಗ ಬಳ್ಳಾರಿ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ 1953ರಲ್ಲಿ, ಉಳಿದವು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಇವತ್ತು ಬಳ್ಳಾರಿ, ವಿಜಯನಗರ, ರಾಯಚೂರು, ಕೊಪ್ಪಳ ಜಿಲ್ಲೆಗಳು ಒಂದೇ ಧರ್ಮಪ್ರಾಂತ್ಯದಲ್ಲಿವೆ.

ಇದೇ ಕಾಲದಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದಿತು. ಕಾಲುವೆ ನೀರು ಬಂದ ಕಡೆ, ಸಿಂಧನೂರು, ಗಂಗಾವತಿ, ಮಾನ್ವಿ ಕಡೆ, ಆಂಧ್ರದ ರೈತರು ಬಂದು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ಅವರಲ್ಲಿ ಕಥೋಲಿಕರೂ ಇದ್ದರು. ನೀರು ಮುಟ್ಟದ ಎರೆ ಭೂಮಿಯಲ್ಲಿ, ಕಾಲುವೆಯ ಕೊನೆಭಾಗದಲ್ಲಿ, ಬದುಕು ಹಳೆಯದೇ: ಮಳೆ ಬಂದರೆ ಜೋಳ, ತೊಗರಿ, ಹತ್ತಿ. ಬರದಿದ್ದರೆ ಗುಳೆ. ಒಂದೇ ತಾಲ್ಲೂಕಿನಲ್ಲಿ ಭತ್ತದ ಶ್ರೀಮಂತಿಕೆಯೂ ಗುಳೆಯ ಬಡತನವೂ ಅಕ್ಕಪಕ್ಕ ಇರುವ ಈ ಸ್ಥಿತಿಯನ್ನು ಮರೆತರೆ ಇಲ್ಲಿನ ಸೇವಾ ಸಂಸ್ಥೆಗಳ ಕೆಲಸ ಅರ್ಥವಾಗುವುದಿಲ್ಲ.

ಹಾಲಿನ ಪುಡಿಯಿಂದ ಮಹಿಳಾ ಸಂಘಕ್ಕೆ

ಮೊದಲ ಹಂತದ ಸೇವೆ ಎಂದರೆ ಕೊಡುವುದು. ಅಮೆರಿಕದ ಪಿಎಲ್–480 ಆಹಾರ ನೆರವು 1954ರಲ್ಲಿ ಶುರುವಾಯಿತು. ಅದರಲ್ಲಿ ಬಂದ ಹಾಲಿನ ಪುಡಿ, ಗೋಧಿ ನುಚ್ಚು ಕ್ಯಾಥೋಲಿಕ್ ರಿಲೀಫ್ ಸರ್ವಿಸಸ್‌ನಂಥ ಸಂಸ್ಥೆಗಳ ಮೂಲಕ ದೇಶದುದ್ದಕ್ಕೂ ಮಿಷನ್‌ಗಳ ಕೈಗೆ ಬಂತು. ಹಸಿದವರಿಗೆ ಅದು ನೆರವಾಯಿತು ನಿಜ. ಊಟ ಕೊಟ್ಟು ಮತ ಕೊಳ್ಳುತ್ತಾರೆ ಎಂಬ ಸಂಶಯವೂ ಅಲ್ಲೇ ಬೇರುಬಿಟ್ಟಿತು.

1962ರಿಂದ 65ರವರೆಗೆ ಜಗತ್ತಿನ ಕಥೋಲಿಕ ಬಿಷಪ್‌ಗಳು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆ ಚರ್ಚಿನ ದೃಷ್ಟಿಯನ್ನೇ ಹೊರಳಿಸಿತು. ಬಡವರಿಗೆ ನೀಡುವುದಷ್ಟೇ ಸಾಲದು, ಅವರ ಜತೆ ನಿಲ್ಲಬೇಕು ಎಂಬ ಮಾತು ಬಲವಾಯಿತು. 1962ರಲ್ಲಿ ಭಾರತದ ಬಿಷಪ್‌ಗಳು ಸಮಾಜಸೇವೆಗಾಗಿ ಕಾರಿತಾಸ್ ಇಂಡಿಯಾ ಸ್ಥಾಪಿಸಿದರು. ಅದಕ್ಕೂ ಮೊದಲೇ, 1958ರಲ್ಲಿ, ಜರ್ಮನಿಯ ಕಥೋಲಿಕರು ಮಿಸೆರಿಯೋರ್ ಎಂಬ ನೆರವು ಸಂಸ್ಥೆ ಕಟ್ಟಿದ್ದರು. ಮುಂದೆ ಒಂದೊಂದು ಧರ್ಮಪ್ರಾಂತ್ಯವೂ ಪೂಜೆ–ಪ್ರಾರ್ಥನೆಯ ಆಡಳಿತದಿಂದ ಪ್ರತ್ಯೇಕವಾಗಿ ಒಂದು ಸಮಾಜಸೇವಾ ಸೊಸೈಟಿ ಮಾಡಿಕೊಂಡಿತು. ನಮ್ಮಲ್ಲಿ ಅದು ಬಳ್ಳಾರಿ ಡಯೋಸಿಸನ್ ಡೆವಲಪ್‌ಮೆಂಟ್ ಸೊಸೈಟಿ. ಇದಲ್ಲದೆ ಸಿಸ್ಟರ್‌ಗಳ ಸಭೆಗಳು, ಮಾನ್ವಿ ಕಡೆ ದಲಿತ ಮಕ್ಕಳ ಓದಿಗಾಗಿ ಕೆಲಸ ಮಾಡುವ ಯೇಸುಸಭೆಯವರು (ಜೆಸ್ವಿಟರು) ತಂತಮ್ಮ ಸಂಸ್ಥೆಗಳನ್ನು ನಡೆಸುತ್ತಾರೆ.

ಕೆಲಸದ ಬಗೆಯೂ ಬದಲಾಯಿತು. ಕೆರೆ ಹೂಳು, ಬದು, ಜಲಾನಯನ. ಶಾಲೆ ಬಿಟ್ಟ ಮಕ್ಕಳಿಗೆ ಸಂಜೆ ಪಾಠ. 1982ರಲ್ಲಿ ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಬಂದ ಮೇಲೂ ಉಳಿದುಕೊಂಡ ಆ ಪಿಡುಗಿನ ವಿರುದ್ಧ ತಿಳಿವಳಿಕೆ. ಎಚ್‌ಐವಿ ಬಂದವರ ಆರೈಕೆ. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆ ತಂದ ಮೇಲೆ ಮಹಿಳಾ ಸಂಘವೇ ಕೆಲಸದ ಕೇಂದ್ರವಾಯಿತು. 2009ರ ಅಕ್ಟೋಬರ್ ಹೊತ್ತಿಗೆ ತುಂಗಭದ್ರಾ, ಕೃಷ್ಣಾ ತೀರ ಮುಳುಗಿದಾಗ ಪರಿಹಾರಕ್ಕೆ ಇಳಿದವರಲ್ಲಿ ಕಥೋಲಿಕ ಸಂಸ್ಥೆಗಳೂ ಇದ್ದವು.

ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಕಾಣುವುದು ದೊಡ್ಡ ಕಟ್ಟಡ ಅಲ್ಲ, ಒಬ್ಬ ಕಾರ್ಯಕರ್ತೆ. ಹೆಂಗಸರು ಹೊಲದಿಂದ ಬಂದು ರೊಟ್ಟಿ ಬಡಿದು ಮುಗಿಸಿದ ಮೇಲೆ ರಾತ್ರಿ ಸಂಘದ ಮೀಟಿಂಗ್. ನಡಾವಳಿ ಪುಸ್ತಕ, ಉಳಿತಾಯದ ಲೆಕ್ಕ, ಸಾಲದ ಲೆಕ್ಕ. ಓದು ಬಾರದವರ ಹೆಬ್ಬೆಟ್ಟು. ಮೀಟಿಂಗ್ ಮುಗಿದ ಮೇಲೆ ನಿಜವಾದ ಮಾತು ಶುರು: ಒಬ್ಬಳ ವಿಧವಾ ವೇತನ ನಿಂತಿದೆ, ಇನ್ನೊಬ್ಬಳ ಜಾಬ್ ಕಾರ್ಡ್ ಬಂದಿಲ್ಲ, ಮತ್ತೊಬ್ಬಳ ಮಗಳನ್ನು ಹತ್ತಿ ಬೀಜದ ಹೊಲಕ್ಕೆ ಕಳಿಸಿದ್ದಾರೆ. ಮರುದಿನ ಆ ಅರ್ಜಿಗಳನ್ನು ಹಿಡಿದು ಪಂಚಾಯಿತಿಗೂ ನಾಡಕಚೇರಿಗೂ ಅಲೆಯುವವಳು ಈಕೆಯೇ. ಈಕೆಗೆ ಸಿಗುವ ಸಂಬಳ ಜಾಸ್ತಿ ಏನಲ್ಲ. ಆದರೆ ಆ ಸಂಬಳ ನಿಂತರೆ ಇಡೀ ಕೆಲಸ ನಿಲ್ಲುತ್ತದೆ.

2020ರಲ್ಲಿ ಏನು ಬದಲಾಯಿತು

ವಿದೇಶಿ ದೇಣಿಗೆಗೆ ಮೊದಲ ಕಾಯ್ದೆ ಬಂದಿದ್ದು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ. 2010ರಲ್ಲಿ ಯುಪಿಎ ಸರ್ಕಾರ ಅದನ್ನು ಬಿಗಿ ಮಾಡಿ ಹೊಸ ಕಾಯ್ದೆ ತಂದಿತು. ಐದು ವರ್ಷಕ್ಕೊಮ್ಮೆ ನವೀಕರಣ ಎಂಬುದು ಆಗಲೇ ಬಂತು. ಹಾಗಾಗಿ ಇದನ್ನು ಒಂದೇ ಪಕ್ಷದ ಕೆಲಸ ಎನ್ನುವುದು ಪೂರ್ತಿ ಸತ್ಯವಲ್ಲ. ಆದರೆ 2020ರ ಸೆಪ್ಟೆಂಬರ್‌ನ ತಿದ್ದುಪಡಿ ಹಿಂದಿನ ಎಲ್ಲಕ್ಕಿಂತ ಆಳವಾಗಿ ಕಚ್ಚಿತು.

ಮೊದಲನೆಯದು, ಹಣವನ್ನು ಮುಂದಕ್ಕೆ ಹಂಚುವಂತಿಲ್ಲ. ಅಲ್ಲಿಯ ತನಕ ದೊಡ್ಡ ಸಂಸ್ಥೆಯೊಂದು ವಿದೇಶದಿಂದ ದೊಡ್ಡ ಮೊತ್ತ ಪಡೆದು, ಎಫ್‌ಸಿಆರ್‌ಎ ಇರುವ ಸಣ್ಣ ಸಂಸ್ಥೆಗಳಿಗೆ ಹಂಚಬಹುದಿತ್ತು. ಕಾಲುವೆಯಿಂದ ಹೊಲಗಾಲುವೆಗೆ ನೀರು ಬಿಟ್ಟಂತೆ. ಈಗ ಆ ತೂಬು ಮುಚ್ಚಿದೆ. ಹಳ್ಳಿ ಕೆಲಸದ ಸೊಸೈಟಿ ತಾನೇ ಜರ್ಮನಿಯ ದಾನಿಯ ಜತೆ ನೇರವಾಗಿ ವ್ಯವಹರಿಸಬೇಕು. ಇಂಗ್ಲಿಷಿನಲ್ಲಿ ಯೋಜನೆ ಬರೆಯಬೇಕು, ವರದಿ ಕೊಡಬೇಕು, ಲೆಕ್ಕ ಒಪ್ಪಿಸಬೇಕು. ದಾನಿಗಾದರೂ ಐವತ್ತು ಸಣ್ಣ ಸಂಸ್ಥೆಗಳ ಲೆಕ್ಕ ನೋಡುವುದಕ್ಕಿಂತ ಐದು ದೊಡ್ಡ ಸಂಸ್ಥೆಗಳ ಜತೆ ವ್ಯವಹಾರ ಸಲೀಸು. ಹೀಗಾಗಿ ಹಣ ನಗರದ ದೊಡ್ಡವರ ಕಡೆಗೇ ವಾಲುತ್ತದೆ.

ಎರಡನೆಯದು, ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಕೇಳಲು ಇದು ಸರಿಯಾಗೇ ಇದೆ. ಬಡವರ ಹೆಸರಲ್ಲಿ ಬಂದ ದುಡ್ಡು ಕಾರು, ಎಸಿ ಕಚೇರಿಗೆ ಹೋಗಬಾರದು ಅಲ್ವಾ? ಆದರೆ ಆಡಳಿತ ವೆಚ್ಚ ಎಂದರೆ ಯಾವುದು ಎಂದು ಹೇಳುವ ನಿಯಮದ ಪಟ್ಟಿಯಲ್ಲಿ ಸಂಬಳವೂ ಇದೆ, ಪ್ರಯಾಣವೂ ಇದೆ. ಆಸ್ಪತ್ರೆಯ ವೈದ್ಯರು, ಶಾಲೆಯ ಶಿಕ್ಷಕರು 'ಮುಂತಾದವರ' ಸಂಬಳಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಸಂಘದ ಮೀಟಿಂಗ್ ನಡೆಸುವ, ಅರ್ಜಿ ಹಿಡಿದು ಅಲೆಯುವ ಕಾರ್ಯಕರ್ತೆ ಆ 'ಮುಂತಾದವರಲ್ಲಿ' ಬರುತ್ತಾಳೋ ಇಲ್ಲವೋ ಎಂಬುದು ಸ್ಪಷ್ಟವಾಗಿಲ್ಲ. ಅನುಮಾನ ಇದ್ದ ಕಡೆ ಯಾವ ಲೆಕ್ಕಪರಿಶೋಧಕರೂ ಧೈರ್ಯ ಮಾಡುವುದಿಲ್ಲ. ಕಟ್ಟಡ ಕಟ್ಟಿದರೆ ಅದು ಕಾರ್ಯಕ್ರಮದ ಖರ್ಚು. ಹಳ್ಳಿ ಹಳ್ಳಿಗೆ ಮನುಷ್ಯರನ್ನು ಕಳಿಸಿದರೆ ಆಡಳಿತದ ಖರ್ಚು ಎನ್ನಿಸಿಕೊಳ್ಳುವ ಭಯ. ಇಡೀ ವಿವಾದದಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಅಂಶ ಇದೇ.

ಮೂರನೆಯದು, ವಿದೇಶಿ ಹಣ ಮೊದಲು ಬರಬೇಕಾದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಶಾಖೆಗೆ. ಅಲ್ಲಿಂದ ಊರಿನ ಖಾತೆಗೆ. ಇದಕ್ಕೆ ಒಗ್ಗಿಕೊಳ್ಳಲು ಕೊಟ್ಟ ಗಡುವು ಕೋವಿಡ್‌ನ ಎರಡನೇ ಅಲೆಯ ನಡುವೆಯೇ ಬಂತು. ಸರ್ಕಾರ ಗಡುವನ್ನು 2021ರ ಜೂನ್ ಕೊನೆಯವರೆಗೆ ವಿಸ್ತರಿಸಿತು. ಈಗ ಅದು ಹೆಚ್ಚಿನವರಿಗೆ ರೂಢಿಯಾಗಿದೆ.

ಯಾರ ವಾದ ಏನು

ಸರ್ಕಾರದ ವಾದ ನೇರವಾಗಿದೆ. 2021–22ರಲ್ಲಿ ದೇಶಕ್ಕೆ ಬಂದ ವಿದೇಶಿ ವಂತಿಗೆ ಸುಮಾರು 22,000 ಕೋಟಿ ರೂಪಾಯಿ. ಇಷ್ಟು ಹಣ ಯಾರಿಂದ ಬಂತು, ಎಲ್ಲಿ ಹೋಯಿತು ಎಂಬುದು ಗೊತ್ತಿರಬೇಕು. ಕೈಯಿಂದ ಕೈಗೆ ದಾಟಿದಷ್ಟೂ ಹಣದ ಜಾಡು ಮಸುಕಾಗುತ್ತದೆ. ಈ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ನೋಯೆಲ್ ಹಾರ್ಪರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ವಿದೇಶಿ ದೇಣಿಗೆ ಪಡೆಯುವುದು ಪರಿಪೂರ್ಣ ಹಕ್ಕಲ್ಲ, ದೇಶದೊಳಗೇ ದಾನಿಗಳಿಗೆ ಕೊರತೆ ಇಲ್ಲ ಎಂಬುದು ಕೋರ್ಟಿನ ನಿಲುವು. ಹಾಗಾಗಿ ಕಾನೂನಿನ ಮಟ್ಟಿಗೆ ಈ ಪ್ರಶ್ನೆ ಸದ್ಯಕ್ಕೆ ಮುಗಿದಿದೆ.

ಚರ್ಚಿನ ಕಡೆಯವರ ದೂರು ಬೇರೆ. ಲೆಕ್ಕ ಕೇಳಿ, ಕೊಡುತ್ತೇವೆ. ಆದರೆ ಕಾರಣವನ್ನು ಬಿಡಿಸಿ ಹೇಳದೆ ನವೀಕರಣ ನಿರಾಕರಿಸಿದರೆ ನಾವು ಸರಿಪಡಿಸಿಕೊಳ್ಳುವುದಾದರೂ ಏನನ್ನು ಎಂಬುದು ಅವರ ಪ್ರಶ್ನೆ. ಮತಾಂತರದ ಆರೋಪದ ನೆರಳು ಸದಾ ಇರುತ್ತದೆ. ಎಫ್‌ಸಿಆರ್‌ಎ ಕಾಯ್ದೆಯ 12ನೇ ವಿಧಿಯಲ್ಲೇ ಒಂದು ಷರತ್ತಿದೆ: ಆಮಿಷದಿಂದಲೋ ಬಲವಂತದಿಂದಲೋ ಮತಾಂತರ ಮಾಡಿದ ಬಗ್ಗೆ ಅರ್ಜಿದಾರರ ಮೇಲೆ ಮೊಕದ್ದಮೆ ಇರಬಾರದು, ಶಿಕ್ಷೆಯೂ ಆಗಿರಬಾರದು. ಶಿಕ್ಷೆ ಸರಿ. ಬರೀ ಮೊಕದ್ದಮೆಯೂ ಸಾಕು ಎನ್ನುವುದು ದೊಡ್ಡ ಮಾತು. 2022ರಲ್ಲಿ ಕರ್ನಾಟಕ ತಂದ ಮತಾಂತರ ತಡೆ ಕಾಯ್ದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ 'ಆಮಿಷ'ದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಎರಡೂ ಕಾಯ್ದೆಗಳನ್ನು ಒಟ್ಟಿಗೆ ಓದಿದರೆ ಅಪಾಯ ಕಾಣುತ್ತದೆ. ಊರಲ್ಲಿ ಯಾರೋ ಕೊಟ್ಟ ದೂರು ಮೊಕದ್ದಮೆಯಾಗಿ ಬೆಳೆದರೆ ಅದರ ಬಿಸಿ ದೆಹಲಿಯ ನೋಂದಣಿಗೂ ತಟ್ಟಬಹುದು.

ಮತಾಂತರದ ಮಾತು ಬಂದಾಗ ಎರಡು ಸಂಗತಿ ನೆನಪಿಡಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ನಮ್ಮ ಈ ಮೂರು ಜಿಲ್ಲೆಗಳಲ್ಲಿ ಅದಕ್ಕಿಂತಲೂ ಕಡಿಮೆ. ಜತೆಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ. ಇಲ್ಲಿ ಮತ ಬದಲಿಸುವವರು ಪಡೆಯುವುದಕ್ಕಿಂತ ಕಳೆದುಕೊಳ್ಳುವುದು ದೊಡ್ಡದು. ಹಾಗಂತ ಎಲ್ಲೂ ಒತ್ತಡ ನಡೆದಿಲ್ಲ ಎಂದು ಯಾರೂ ಷರಾ ಬರೆಯಲಾಗದು. ಆರೋಪ ಇದ್ದರೆ ಸಾಕ್ಷಿ ಸಮೇತ ವಿಚಾರಣೆ ಆಗಲಿ.

ಮೂರನೆಯ ದನಿಯೂ ಒಂದಿದೆ, ಅದಕ್ಕೆ ಕಿವಿಗೊಡಬೇಕು. ಇಷ್ಟು ವರ್ಷ ವಿದೇಶಿ ದುಡ್ಡಿನ ಮೇಲೇ ಏಕೆ ನಿಂತಿರಿ ಎಂದು ದಲಿತ, ಮಹಿಳಾ ಸಂಘಟನೆಗಳ ಕೆಲವರು ಕೇಳುತ್ತಾರೆ. ದಾನಿಗೆ ಲೆಕ್ಕ ಒಪ್ಪಿಸಿದಷ್ಟು ಶ್ರದ್ಧೆಯಿಂದ ಊರಿನ ಜನರಿಗೆ ಲೆಕ್ಕ ಒಪ್ಪಿಸಿದ್ದು ಕಡಿಮೆ. ಮೂರು ವರ್ಷದ ಯೋಜನೆ ಮುಗಿದ ಕೂಡಲೇ ಕಾರ್ಯಕರ್ತರನ್ನು ಕೈಬಿಟ್ಟ ಉದಾಹರಣೆಗಳೂ ಇವೆ. ಈ ಟೀಕೆಯಲ್ಲಿ ಹುರುಳಿದೆ.

ಬದಲಿ ದುಡ್ಡು ಎಲ್ಲಿದೆ?

ದೇಶದೊಳಗೇ ದಾನಿಗಳಿದ್ದಾರೆ ಎಂದಾದರೆ, ಬಳ್ಳಾರಿ ಸೀಮೆಯಲ್ಲಿ ಯಾರಿದ್ದಾರೆ? ಮೊದಲು ನೆನಪಾಗುವುದು ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು, ಕೊಪ್ಪಳದ ಕಾರ್ಖಾನೆಗಳು ಇರುವ ಕಡೆ ಇದು ಸಣ್ಣ ಮೊತ್ತವಲ್ಲ. ಆದರೆ ಕಂಪನಿಗೆ ಬೇಕಾದ್ದು ಫಲಕ ಹಾಕಬಹುದಾದ ಕೆಲಸ: ಶಾಲಾ ಕೊಠಡಿ, ನೀರಿನ ಘಟಕ, ಆಂಬುಲೆನ್ಸ್. ಇನ್ನೊಂದು ಇಕ್ಕಟ್ಟೂ ಇದೆ. 2025ರಲ್ಲಿ ಕೊಪ್ಪಳದ ಜನ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರುದ್ಧ ಬೀದಿಗಿಳಿದರು. ಗವಿಮಠದ ಸ್ವಾಮೀಜಿಯವರೂ ದನಿಗೂಡಿಸಿದರು. ಕಾರ್ಖಾನೆಯ ದುಡ್ಡಲ್ಲಿ ನಡೆಯುವ ಸಂಸ್ಥೆ ದೂಳು ಕುಡಿಯುವ ಹಳ್ಳಿಯವರ ಪರ ಬಾಯಿ ಬಿಡಲು ಆಗುತ್ತದಾ?

ಎರಡನೆಯದು ಜಿಲ್ಲಾ ಖನಿಜ ನಿಧಿ. 2015ರ ತಿದ್ದುಪಡಿಯ ಮೇಲೆ ಗಣಿಯವರು ರಾಜಧನದ ಜತೆಗೆ ಈ ನಿಧಿಗೂ ಪಾಲು ಕಟ್ಟಬೇಕು. ಬಳ್ಳಾರಿಯಲ್ಲಿ ಇದರ ಹಣ ಧಾರಾಳವಾಗಿದೆ. ಅದು ಹೋಗುವುದು ಜಿಲ್ಲಾಡಳಿತದ ಮೂಲಕ, ಇಲಾಖೆಗಳ ಕಾಮಗಾರಿಗೆ. ರಸ್ತೆಗೆ, ಕಟ್ಟಡಕ್ಕೆ ಟೆಂಡರ್ ಕರೆಯಬಹುದು. ವಿಧವಾ ವೇತನದ ಅರ್ಜಿ ಹಿಡಿದು ಓಡಾಡುವುದಕ್ಕೆ ಯಾರೂ ಟೆಂಡರ್ ಕರೆಯುವುದಿಲ್ಲ.

ಮೂರನೆಯ ದಾರಿ ನಮ್ಮ ಕಣ್ಣೆದುರೇ ಇದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲ ಹಳ್ಳಿಗಳ ಹೆಂಗಸರು ರೊಟ್ಟಿ ಬಡಿದು ಕಳಿಸುತ್ತಾರೆ. ರೈತರು ದವಸ ಹಾಕುತ್ತಾರೆ. ಮಠದ ವಿದ್ಯಾರ್ಥಿ ನಿಲಯಗಳಿಗೂ ಭಕ್ತರೇ ಆಸರೆ. ಕಥೋಲಿಕರ ಸಂಖ್ಯೆ ಚಿಕ್ಕದು, ಆ ಪ್ರಮಾಣ ಅವರಿಂದಾಗದು. ಆದರೆ ದಶಕಗಳ ಕಾಲ ಎಲ್ಲ ಜಾತಿ–ಮತದ ಬಡವರ ನಡುವೆ ಕೆಲಸ ಮಾಡಿದ ಸಂಸ್ಥೆಗಳು ಅದೇ ಜನರ ಮುಂದೆ, ಕ್ಯಾಂಪ್‌ಗಳ ಅನುಕೂಲಸ್ಥರ ಮುಂದೆ, ತಮ್ಮ ಶಾಲೆಗಳಲ್ಲಿ ಓದಿ ಬೆಂಗಳೂರು ಸೇರಿದವರ ಮುಂದೆ ಕೈ ಚಾಚಿದ್ದು ತೀರಾ ಕಡಿಮೆ.

ಮುಂದೆ ಏನಾಗಬಹುದು

ನೋಂದಣಿ ಉಳಿಸಿಕೊಂಡ ಸಂಸ್ಥೆಗಳೂ ಹಳೆಯ ರೀತಿಯಲ್ಲಿ ಕೆಲಸ ಮಾಡುವುದು ಕಷ್ಟ. ಶಾಲೆ, ಆಸ್ಪತ್ರೆ ಉಳಿಯುತ್ತವೆ. ಅವಕ್ಕೆ ಶುಲ್ಕವಿದೆ, ಶಿಕ್ಷಕರ, ವೈದ್ಯರ ಸಂಬಳಕ್ಕೆ ನಿಯಮದ ವಿನಾಯಿತಿಯೂ ಇದೆ. ಸೊರಗುವುದು ಹಳ್ಳಿ ಕೆಲಸ. ಶುಲ್ಕ ಕಟ್ಟಬಲ್ಲವರಿಗೆ ಸೇವೆ ಉಳಿದು, ಕಟ್ಟಲಾಗದವರಿಗೆ ಹೋಗುತ್ತದೆ. ಕಾಯ್ದೆ ತಂದವರ ಉದ್ದೇಶ ಇದಾಗಿರಲಿಕ್ಕಿಲ್ಲ, ಆದರೆ ಪರಿಣಾಮ ಇದೇ.

ಸಂಘ ಸಡಿಲಾದ ಕಡೆ ಯಾರು ಬರುತ್ತಾರೆ ಎಂಬುದೂ ಊಹೆಯ ಮಾತಲ್ಲ. ಮೈಕ್ರೊಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಜನ ಊರು ಬಿಟ್ಟ ಸುದ್ದಿಗಳ ನಡುವೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸ್ವಂತ ಉಳಿತಾಯದ ಮೇಲೆ ನಿಂತ, ಲೆಕ್ಕ ಸರಿಯಿರುವ ಸಂಘವೊಂದು ಊರಲ್ಲಿದ್ದರೆ ಅಂಥ ಸಾಲದ ಅಗತ್ಯವೇ ಕಡಿಮೆ. ಆ ಲೆಕ್ಕ ಸರಿಯಾಗಿಡಲು ಆರಂಭದ ಕೆಲವು ವರ್ಷವಾದರೂ ಯಾರಾದರೂ ಜತೆಗಿರಬೇಕು.

ಹಣದ ಮೇಲೆ ಕಣ್ಣಿಡುವ ಸರ್ಕಾರದ ಅಧಿಕಾರವನ್ನು ಒಂದಿಷ್ಟೂ ಕಡಿಮೆ ಮಾಡದೆ ಇದಕ್ಕೆ ಪರಿಹಾರ ಸಾಧ್ಯವಿದೆ. ಶೇ. 20ರ ಮಿತಿ ಕಾಯ್ದೆಯಲ್ಲಿದೆ, ಅದನ್ನು ಬದಲಿಸಲು ಸಂಸತ್ತೇ ಬೇಕು. ಆದರೆ ಆಡಳಿತ ವೆಚ್ಚದಲ್ಲಿ ಏನೇನು ಸೇರಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಕಾಯ್ದೆಯ 8ನೇ ವಿಧಿ ಕೇಂದ್ರ ಸರ್ಕಾರಕ್ಕೇ ಬಿಟ್ಟಿದೆ. ವೈದ್ಯರು, ಶಿಕ್ಷಕರು ಎಂದಿರುವ ಕಡೆ 'ಕ್ಷೇತ್ರ ಕಾರ್ಯಕರ್ತರು' ಎಂದು ಸೇರಿಸಲು ಗೃಹ ಸಚಿವಾಲಯದ ಒಂದು ಅಧಿಸೂಚನೆ ಸಾಕು. ಕಲ್ಯಾಣ ಕರ್ನಾಟಕದ ಸಂಸದರು, ಯಾವ ಪಕ್ಷದವರೇ ಆಗಲಿ, ಸದನದಲ್ಲಿ ಕೇಳಬೇಕಾದ ಪ್ರಶ್ನೆ ಇದು.